ಬಂದಿಗಳಿಗೂ ಮತವುಂಟೆ?

ಉಪಾಧ್ಯಾಯ ವೃತ್ತಿಯನ್ನು ಕೈಕೊಂಡವರಿಗೆ ಪಾಠಪ್ರವಚನಗಳ ಜತೆಗೆ ಸರ್ಕಾರದವರು ಒಪ್ಪಿಸುವ ಕೆಲಸಗಳು ಹಲವು. ಜನಗಣತಿ ಬಂದರೆ ಮನೆಮನೆಗೆ ಹೋಗಿ ತಲೆ ಎಣಿಸಬೇಕು. ಚುನಾವಣೆ ಬಂದರೆ ಮತಗಟ್ಟೆಯಲ್ಲಿ ಕುಳಿತು ಜನರ ಬೆರಳಿಗೆ ಮಸಿ ಹಚ್ಚಿಸಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಒಂದಲ್ಲ ಒಂದು ಸಲ ನಾವು ಈ ಕೆಲಸವನ್ನು ಮಾಡಿರುವೆವು. ಅದರಲ್ಲಿ ಬೇಸರವೆನಿಸಿದ ದಿನಗಳು ಉಂಟು, ಸಂತೋಷವಾದ ದಿನಗಳೂ ಉಂಟು. ಒಂದು ದಿನದ ನೆನಪು ಮಾತ್ರ ಈ ಎರಡಕ್ಕೂ ಸೇರದೆ ನಮ್ಮ ಮನಸ್ಸಿನಲ್ಲಿ ಹಾಗೆಯೇ ನಿಂತುಹೋಗಿದೆ. ಈ ತಿಂಗಳ ಪ್ರಸ್ತಾಪಕ್ಕೆ ಅದೇ ಕಾರಣವಾದುದರಿಂದ ಮೊದಲು ಅದನ್ನು ಹೇಳುವೆವು.

೨೦೧೩ರ ಮೇ ತಿಂಗಳ ವಿಧಾನಸಭಾ ಚುನಾವಣೆ. ಶ್ರೀನಿವಾಸಪುರದ ಸೀಮೆಯಲ್ಲಿ ಅದು ಮಾವಿನ ಕಾಲವೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ನಾವು ಅಧ್ಯಕ್ಷಾಧಿಕಾರಿಯಾಗಿ ಕುಳಿತಿದ್ದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಜನ ಕಡಮೆಯಾದಾಗ ಒಬ್ಬ ವೃದ್ಧ ಸ್ತ್ರೀಯು ಬಂದು ತನ್ನ ಮತವನ್ನು ಕೊಟ್ಟಳು. ಕೊಟ್ಟ ಮೇಲೆ ಹೋಗದೆ ನಮ್ಮ ಮೇಜಿನ ಹತ್ತಿರ ನಿಂತು, ತೆಲುಗು ಬೆರೆತ ಕನ್ನಡದಲ್ಲಿ, ತನ್ನ ಮಗನ ಚೀಟಿಯೂ ತನ್ನಲ್ಲಿದೆಯೆಂದೂ ಅವನ ಓಟನ್ನೂ ತಾನೇ ಒತ್ತಿಬಿಡಬಹುದೇ ಎಂದೂ ಕೇಳಿದಳು. ಮಗನೆಲ್ಲಿ ಎಂದರೆ, ಜೈಲಿನಲ್ಲಿ ಎಂದಳು.

ಮಿಕ್ಕ ಸಂಗತಿಯನ್ನು ಪಕ್ಕದಲ್ಲಿ ಕುಳಿತಿದ್ದ ಏಜೆಂಟರು ಹೇಳಿದರು. ತೋಪಿನ ಕಾವಲಿನ ವಿಷಯದಲ್ಲಿ ಒಂದು ಹೊಡೆದಾಟವಾಗಿತ್ತು. ತೋಪಿನ ಒಡೆಯನ ಮೇಲೂ ಅವನ ಕಾವಲುಗಾರನ ಮೇಲೂ ಒಂದೇ ಮೊಕದ್ದಮೆ, ಒಂದೇ ಆರೋಪ. ಒಡೆಯನಿಗೆ ವಾರದೊಳಗೆ ಜಾಮೀನು ದೊರೆಯಿತು. ಕಾವಲುಗಾರನಿಗೂ ಜಾಮೀನಿನ ಆಜ್ಞೆಯೇನೋ ಆಗಿತ್ತು. ಆದರೆ ತನ್ನ ಪಹಣಿಯನ್ನು ತಂದು ಒಪ್ಪಿಸಿ ಹೊಣೆ ನಿಲ್ಲುವವರು ಯಾರೂ ಸಿಕ್ಕಲಿಲ್ಲ. ಒಡೆಯನು ಆ ದಿನ ಬೆಳಗ್ಗೆಯೇ ಬಂದು ಮತ ಕೊಟ್ಟು ಹೋಗಿದ್ದನು. ಕಾವಲುಗಾರನ ತಾಯಿ ನಮ್ಮೆದುರಿಗೆ ನಿಂತಿದ್ದಳು.

ಒಬ್ಬರ ಮತವನ್ನು ಇನ್ನೊಬ್ಬರು ಹಾಕುವಂತಿಲ್ಲವೆಂದೂ, ಸೆರೆಯಲ್ಲಿರುವವನಿಗೆ ಕಾಯಿದೆಯ ಪ್ರಕಾರ ಮತವಿಲ್ಲವೆಂದೂ ನಾವು ಹೇಳಿದೆವು. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಅವನು ತಪ್ಪು ಮಾಡಿದ ಅಂತ ಜಡ್ಜಿ ಹೇಳಿಬಿಟ್ಟರಾ ಸ್ವಾಮೀ?” ಎಂದು ಕೇಳಿದಳು. ಇಲ್ಲವೆಂದೆವು. ಆಕೆ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದಳು. ಮುಂದೆ ಆ ಮೊಕದ್ದಮೆಯಲ್ಲಿ ಒಡೆಯನೂ ಕಾವಲುಗಾರನೂ ಇಬ್ಬರೂ ನಿರ್ದೋಷಿಗಳೆಂದು ತೀರ್ಪಾಯಿತೆಂದು ಕೇಳಿದೆವು. ಅಷ್ಟರೊಳಗೆ ಕಾವಲುಗಾರನು ಹತ್ತು ತಿಂಗಳು ಸೆರೆಯಲ್ಲಿದ್ದು, ಕೊನೆಗೆ ದೂರದ ಬಂಧುವೊಬ್ಬನು ಹೊಣೆಯಾದ ಮೇಲೆ ಹೊರಗೆ ಬಂದಿದ್ದನು.

ಆ ಮುದುಕಿಗೆ ನಾವು ಹೇಳಿದ ಉತ್ತರವು ಕಾಯಿದೆಗೆ ಸರಿಯಾದುದೇ. ನ್ಯಾಯಕ್ಕೆ ಸರಿಯಾದುದೇ ಎಂಬ ಪ್ರಶ್ನೆಯನ್ನು ಅಂದಿನಿಂದ ಹಲವು ಬಾರಿ ಯೋಚಿಸಿರುವೆವು. ಗೃಹಸ್ಥರಾದ ವಾಚಕರು ನಮ್ಮೊಡನೆ ಈ ವಿಚಾರವನ್ನು ಸಾವಧಾನವಾಗಿ ಪರಿಶೀಲಿಸಬೇಕೆಂದು ಕೋರುವೆವು.

ಮೊದಲು ಕಾಯಿದೆ ಹೇಗಿದೆಯೆಂಬುದನ್ನು ತಿಳಿಯತಕ್ಕದ್ದು. ನಮ್ಮ ಸಂವಿಧಾನದ ೩೨೬ನೆಯ ಅನುಚ್ಛೇದವು ವಯಸ್ಕರಾದ ಎಲ್ಲ ಪ್ರಜೆಗಳಿಗೂ ಮತಾಧಿಕಾರವನ್ನು ವಿಧಿಸಿದೆ. ಮೊದಲು ಇಪ್ಪತ್ತೊಂದು ವರ್ಷವೆಂದಿದ್ದ ವಯಸ್ಸನ್ನು ೧೯೮೯ರಿಂದ ಹದಿನೆಂಟಕ್ಕೆ ಇಳಿಸಿರುವರು. ವಾಸಸ್ಥಳವಿಲ್ಲದಿರುವುದು, ಬುದ್ಧಿಭ್ರಮಣೆ, ಅಪರಾಧ, ಚುನಾವಣೆಯ ಅಕ್ರಮಗಳು ಇವುಗಳ ಕಾರಣದಿಂದ ಶಾಸನವು ಒಬ್ಬನನ್ನು ಅನರ್ಹನನ್ನಾಗಿ ಮಾಡಬಹುದೆಂದು ಅದೇ ಅನುಚ್ಛೇದದಲ್ಲಿದೆ. ಅಪರಾಧವೆಂಬ ಶಬ್ದವನ್ನು ವಾಚಕರು ಗಮನದಲ್ಲಿಡಬೇಕು. ಅಲ್ಲಿ ಹೇಳಿರುವುದು ಅಪರಾಧವನ್ನು, ಆರೋಪವನ್ನಲ್ಲ. ಈ ಅನುಚ್ಛೇದದ ಮೇಲೆ ನಿಂತಿರುವುದು ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆ. ಅದರ ೬೨ನೆಯ ಪ್ರಕರಣದ ೫ನೆಯ ಉಪಪ್ರಕರಣದಲ್ಲಿ, ಶಿಕ್ಷೆಯಿಂದಾಗಲಿ ಬೇರೆ ಯಾವ ಕಾರಣದಿಂದಾಗಲಿ ಸೆರೆಮನೆಯಲ್ಲಿರುವವನು, ಅಥವಾ ಪೊಲೀಸರ ವಶದಲ್ಲಿರುವವನು, ಯಾವ ಚುನಾವಣೆಯಲ್ಲಿಯೂ ಮತ ಕೊಡಕೂಡದೆಂದು ವಿಧಿಸಿರುವರು. ಇದಕ್ಕೆ ಒಂದೇ ಒಂದು ವಿನಾಯಿತಿ: ಮುನ್ನೆಚ್ಚರಿಕೆಯ ಕ್ರಮವಾಗಿ, ವಿಚಾರಣೆಯಿಲ್ಲದೆ ಸ್ಥಾನಬದ್ಧತೆಯಲ್ಲಿ ಇರಿಸಲ್ಪಟ್ಟವರು ಅಂಚೆಯ ಮೂಲಕ ಮತ ಕೊಡಬಹುದು.

ನೋಡಿದೊಡನೆ ಇದರಲ್ಲಿ ತೊಡಕಿರುವಂತೆ ತೋರುವುದಿಲ್ಲ. ಸೆರೆಯಲ್ಲಿರುವವನು ತಪ್ಪಿತಸ್ಥ, ತಪ್ಪಿತಸ್ಥನಿಗೆ ಮತವೇಕೆ ಎಂದು ನಾವೂ ಮೊದಲು ತಿಳಿದಿದ್ದೆವು. ಆದರೆ ಉಪಪ್ರಕರಣದ ಮಾತನ್ನು ಇನ್ನೊಮ್ಮೆ ಓದಿದರೆ, ಅದು ಅಪರಾಧಿಯನ್ನೂ ನಿರಪರಾಧಿಯನ್ನೂ ಬೇರ್ಪಡಿಸುವುದಿಲ್ಲವೆಂಬುದು ಗೊತ್ತಾಗುವುದು. ಅದು ಬೇರ್ಪಡಿಸುವುದು ಗೋಡೆಯ ಒಳಗಿರುವವನನ್ನೂ ಹೊರಗಿರುವವನನ್ನೂ. ಕೊಲೆಯೇ ಆಗಲಿ, ಶಿಕ್ಷೆಗೆ ಗುರಿಯಾದವನು ಮೇಲ್ಮನವಿ ಸಲ್ಲಿಸಿ ಜಾಮೀನಿನ ಮೇಲೆ ಹೊರಗಿದ್ದರೆ ಅವನಿಗೆ ಮತವುಂಟು. ಕುರಿ ಕದ್ದನೆಂಬ ಆರೋಪ ಹೊತ್ತು, ವಿಚಾರಣೆ ಇನ್ನೂ ಆರಂಭವಾಗದೆ, ಹೊಣೆಗಾರನಿಲ್ಲದೆ ಒಳಗಿರುವವನಿಗೆ ಮತವಿಲ್ಲ.

ಇಂತಹವರು ಎಲ್ಲಿಯೋ ನಾಲ್ವರಿರಬಹುದೆಂದು ಯಾರಾದರೂ ಎಣಿಸಿದರೆ, ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯವರ ೨೦೨೨ರ ಲೆಕ್ಕವನ್ನು ನೋಡತಕ್ಕದ್ದು. ಆ ವರ್ಷದ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರು ಒಟ್ಟು ೫,೭೩,೨೨೦ ಮಂದಿ. ಅವರಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರು. ಎಂದರೆ ನ್ಯಾಯಾಧೀಶರು ಇನ್ನೂ ತಪ್ಪಿತಸ್ಥರೆಂದು ಹೇಳದೆ ಇರುವವರು. ನಾಲ್ವರಲ್ಲಿ ಮೂವರು ಹೀಗೆ. ಆದುದರಿಂದ ಸೆರೆಯಲ್ಲಿರುವವರ ಮತವೆಂದರೆ ನಮ್ಮ ದೇಶದ ಮಟ್ಟಿಗೆ ಮುಖ್ಯವಾಗಿ ಅಪರಾಧಿಗಳ ಪ್ರಶ್ನೆಯಲ್ಲ, ಆರೋಪಿತರ ಪ್ರಶ್ನೆ. ಸಂಸ್ಕೃತದಲ್ಲಿ ಅಭಿಯುಕ್ತನೆಂಬ ಶಬ್ದವೇ ಬೇರೆ, ಅಪರಾಧಿ ಎಂಬ ಶಬ್ದವೇ ಬೇರೆ. ಅಭಿಯುಕ್ತನೆಂದರೆ ಯಾರೋ ಒಬ್ಬರು ಯಾರ ಮೇಲೆ ಮಾತು ಹೊರಿಸಿರುವರೋ ಅವನು. ಹೊರಿಸಿದ ಮಾತು ನಿಜವೋ ಸುಳ್ಳೋ ಎಂಬುದು ಆ ಶಬ್ದದಲ್ಲಿಲ್ಲ. ನಮ್ಮ ಕಾಯಿದೆಯು ಈ ಎರಡು ಶಬ್ದಗಳನ್ನೂ ಮತದ ವಿಷಯದಲ್ಲಿ ಒಂದೇ ಮಾಡಿಬಿಟ್ಟಿದೆ.

ಇನ್ನೂ ಒಂದೆರಡು ವಿಚಿತ್ರಗಳನ್ನು ಹೇಳಬೇಕು. ಮತ ಕೊಡಲಾರದ ವಿಚಾರಣಾಧೀನನು ಚುನಾವಣೆಗೆ ನಿಲ್ಲಬಲ್ಲನು. ಮತವಿಲ್ಲದವನು ನಿಲ್ಲುವುದೂ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೩ರ ಜುಲೈ ತಿಂಗಳಲ್ಲಿ ಒಂದು ತೀರ್ಪನ್ನು ಕೊಟ್ಟಿತು. ಅದೇ ವರ್ಷ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿ, ಸೆರೆಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿರುವವನು ಮತದಾರನೇ ಎಂದು ಸ್ಪಷ್ಟಪಡಿಸಿ, ನಿಲ್ಲುವ ಹಕ್ಕನ್ನು ಉಳಿಸಿಕೊಂಡಿತು. ಕೊಡುವ ಹಕ್ಕನ್ನು ಮಾತ್ರ ಹಿಂದಿರುಗಿಸಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ೧೯೭೭ರಲ್ಲಿ ಸೆರೆಯೊಳಗಿನಿಂದಲೇ ಬಿಹಾರದ ಮುಜಾಫರ್‌ಪುರಕ್ಕೆ ನಿಂತು ಮೂರು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದುದನ್ನು ಹಿರಿಯರು ಬಲ್ಲರು. ೨೦೨೪ರ ಲೋಕಸಭಾ ಚುನಾವಣೆಯಲ್ಲಿಯೂ ಬಾರಾಮುಲ್ಲಾ ಕ್ಷೇತ್ರದಿಂದ ಗೆದ್ದವರು ಆಗ ದೆಹಲಿಯ ತಿಹಾರ್ ಸೆರೆಮನೆಯಲ್ಲಿದ್ದ ವಿಚಾರಣಾಧೀನರು. ಲಕ್ಷಾಂತರ ಜನರ ಮತವನ್ನು ಪಡೆಯಲು ಯೋಗ್ಯನಾದವನು ತನ್ನದೊಂದು ಮತವನ್ನು ಕೊಡಲು ಯೋಗ್ಯನಲ್ಲವೆಂದರೆ ಅದಕ್ಕೆ ಯುಕ್ತಿ ಯಾವುದು? ಮತ್ತೊಂದು ವಿಚಿತ್ರವೂ ಉಂಟು. ದೇಶದ ಭದ್ರತೆಗೆ ಅಪಾಯಕಾರಿಯೆಂದು ಭಾವಿಸಿ ಸರ್ಕಾರವು ಸ್ಥಾನಬದ್ಧತೆಯಲ್ಲಿ ಇರಿಸಿದವನಿಗೆ ಅಂಚೆಯ ಮತವುಂಟು. ಮಾವಿನ ತೋಪಿನ ಕಾವಲುಗಾರನಿಗೆ ಇಲ್ಲ.

ಇನ್ನು ಪೂರ್ವಪಕ್ಷವನ್ನು ಕೇಳೋಣ, ಅದು ದುರ್ಬಲವಾದುದಲ್ಲ. ಈ ಉಪಪ್ರಕರಣವು ಸಮಾನತೆಗೆ ವಿರುದ್ಧವೆಂದು ಅನುಕೂಲ್ ಚಂದ್ರ ಪ್ರಧಾನ್ ಎಂಬುವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೭ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಹೇಳಿದ ಕಾರಣಗಳನ್ನು ಸಂಗ್ರಹಿಸಿದರೆ ಮುಖ್ಯವಾಗಿ ಮೂರು. ತನ್ನ ನಡತೆಯಿಂದಲೇ ಸೆರೆಗೆ ಹೋದವನು ಹೊರಗಿರುವವನೊಡನೆ ಸಮಾನವಾದ ಸ್ವಾತಂತ್ರ್ಯವನ್ನು ಕೇಳಲಾರನೆಂಬುದು ಒಂದು. ಬಂದಿಗಳಿಗೆಲ್ಲ ಮತದಾನದ ಏರ್ಪಾಡು ಮಾಡಬೇಕಾದರೆ ಪೊಲೀಸ್ ಬಲವೂ ವೆಚ್ಚವೂ ಹೆಚ್ಚಬೇಕಾಗುವುದೆಂಬುದು ಎರಡನೆಯದು. ಅಪರಾಧದ ಹಿನ್ನೆಲೆಯುಳ್ಳವರನ್ನು ಚುನಾವಣೆಯ ರಂಗದಿಂದ ದೂರವಿಡಬೇಕೆಂಬುದು ಮೂರನೆಯದು. ಮತಾಧಿಕಾರವು ಶಾಸನದಿಂದ ಬಂದ ಹಕ್ಕಾದುದರಿಂದ ಶಾಸನವೇ ಅದಕ್ಕೆ ಎಲ್ಲೆ ಹಾಕಬಹುದೆಂಬ ಅಭಿಪ್ರಾಯವೂ ಅದರಲ್ಲುಂಟು. ನ್ಯಾಯಾಲಯದ ತೀರ್ಪನ್ನು ನಾವು ಗೌರವಿಸುವೆವು. ಆದರೆ ಎಲ್ಲೆ ಹಾಕಬಹುದೆಂದು ನ್ಯಾಯಾಲಯ ಹೇಳಿದ ಮಾತ್ರಕ್ಕೆ, ಆ ಎಲ್ಲೆಯು ಇದ್ದಲ್ಲಿಯೇ ಇರಬೇಕೆಂದಾಗುವುದಿಲ್ಲ. ಶಾಸನ ಮಾಡುವವರು ಅದನ್ನು ಸರಿಸಬಹುದು. ಅವರನ್ನು ಕಳುಹಿಸುವ ನಾವು ಅದನ್ನು ಕೇಳಬಹುದು.

ಮೊದಲನೆಯ ಕಾರಣ: ತನ್ನ ನಡತೆಯಿಂದ ಸೆರೆಗೆ ಹೋದವನು. ಶಿಕ್ಷೆಯಾದವನ ವಿಷಯದಲ್ಲಿ ಈ ಮಾತು ನಿಲ್ಲುವುದು. ವಿಚಾರಣಾಧೀನನ ವಿಷಯದಲ್ಲಿ ನಿಲ್ಲಲಾರದು. ಅವನ ನಡತೆ ಎಂತಹದೆಂಬುದೇ ಇನ್ನೂ ನಿರ್ಣಯವಾಗಬೇಕಾಗಿದೆ. ಒಂದೇ ಆರೋಪದ ಇಬ್ಬರಲ್ಲಿ ಒಬ್ಬನು ಒಳಗೆ, ಒಬ್ಬನು ಹೊರಗೆ ಇದ್ದರೆ, ಅವರನ್ನು ಬೇರ್ಪಡಿಸಿದ್ದು ನಡತೆಯಲ್ಲ, ಪಹಣಿ. ಮೈಸೂರಿನಲ್ಲಿ ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಆರಂಭವಾದಾಗ ಅದು ಭೂಮಿಯುಳ್ಳವರ, ವ್ಯಾಪಾರಸ್ಥರ ಸಭೆಯಾಗಿತ್ತು. ಕಂದಾಯ ಕಟ್ಟುವವನಿಗೆ ಧ್ವನಿ, ಕೂಲಿಯವನಿಗೆ ಇಲ್ಲ. ಆ ಭೇದವನ್ನು ೧೯೫೦ರ ಸಂವಿಧಾನವು ಅಳಿಸಿಹಾಕಿತೆಂದು ನಾವು ತರಗತಿಯಲ್ಲಿ ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಡುತ್ತಿದ್ದೆವು. ಅದೇ ಭೇದವು ಸೆರೆಮನೆಯ ಬಾಗಿಲಿನಲ್ಲಿ ಇನ್ನೂ ನಿಂತಿರುವುದನ್ನು ಆ ಮುದುಕಿ ತೋರಿಸಿಕೊಟ್ಟಳು.

ಎರಡನೆಯ ಕಾರಣ: ಏರ್ಪಾಡಿನ ಕಷ್ಟ. ೧೯೯೭ರಲ್ಲಿ ಈ ಮಾತಿಗೆ ಹೆಚ್ಚು ತೂಕವಿದ್ದಿರಬಹುದು. ೨೦೨೩ರ ಮೇ ತಿಂಗಳಲ್ಲಿ ಕರ್ನಾಟಕದ ವಿಧಾನಸಭಾ ಚುನಾವಣೆ ನಡೆದಾಗ, ಎಂಬತ್ತು ವರ್ಷಕ್ಕೆ ಮೇಲ್ಪಟ್ಟವರಿಗೂ ಅಂಗವೈಕಲ್ಯದಿಂದ ಬರಲಾರದವರಿಗೂ ಮನೆಯಲ್ಲಿಯೇ ಮತ ಕೊಡುವ ಅನುಕೂಲವನ್ನು ಚುನಾವಣಾ ಆಯೋಗದವರು ಮಾಡಿದರು. ಅಧಿಕಾರಿಗಳು, ಪೊಲೀಸಿನವರು, ಚಿತ್ರ ತೆಗೆಯುವವರು ಕೂಡಿ ಹಳ್ಳಿಹಳ್ಳಿಗೆ ಹೋಗಿ, ಹಾಸಿಗೆ ಹಿಡಿದ ಅಜ್ಜಿಯ ಮುಂದೆ ಮತಪತ್ರವನ್ನಿಟ್ಟು, ಗೋಪ್ಯತೆಗೆ ಮರೆ ಕಟ್ಟಿ, ಮುದ್ರೆ ಹಾಕಿ ತಂದರು. ೨೦೨೪ರ ಲೋಕಸಭಾ ಚುನಾವಣೆಯಲ್ಲಿ ಎಂಬತ್ತೈದು ದಾಟಿದವರಿಗೆ ದೇಶದಲ್ಲೆಲ್ಲ ಈ ಅನುಕೂಲವಾಯಿತು. ಗಡಿಯಲ್ಲಿರುವ ನಮ್ಮ ಸಿಪಾಯಿಗಳು ಬಹುಕಾಲದಿಂದ ಅಂಚೆಯ ಮೂಲಕ ಮತ ಕೊಡುತ್ತಿರುವರು. ಸಾವಿರ ಹಳ್ಳಿಗಳ ಸಾವಿರ ಮನೆಗಳಿಗೆ ಹೋಗಬಲ್ಲವರು, ಎಲ್ಲರೂ ಒಂದೇ ಕಡೆ ಇರುವ, ಪಹರೆಯೂ ಪಟ್ಟಿಯೂ ಮೊದಲೇ ಸಿದ್ಧವಾಗಿರುವ ಒಂದು ಕಟ್ಟಡಕ್ಕೆ ಹೋಗಲಾರರೆ? ಸ್ಥಾನಬದ್ಧರಿಗಾಗಿ ಅಂಚೆಯ ಮತಪತ್ರವು ಈಗಲೂ ಸೆರೆಮನೆಯ ಬಾಗಿಲನ್ನು ದಾಟಬಹುದು. ಒಬ್ಬನಿಗಾಗಿ ದಾಟುವುದು ಪಕ್ಕದ ಕೋಣೆಯವನಿಗಾಗಿಯೂ ದಾಟಬಲ್ಲದು.

ಮೂರನೆಯ ಕಾರಣವೇ ಗಂಭೀರವಾದುದು. ಸೆರೆಮನೆಯೊಳಗೆ ಬಲಿಷ್ಠನೊಬ್ಬನು ಇತರರನ್ನು ಹೆದರಿಸಿ ಮತ ಹಾಕಿಸಬಹುದು. ಅಧಿಕಾರಿಗಳೇ ಒತ್ತಾಯ ಮಾಡಬಹುದು. ಸಾವಿರಾರು ಬಂದಿಗಳಿರುವ ಕ್ಷೇತ್ರದಲ್ಲಿ ಅವರೆಲ್ಲ ಒಂದು ಗುಂಪಾಗಿ ಫಲವನ್ನು ತಿರುಗಿಸಬಹುದು. ಕೊನೆಯದಕ್ಕೆ ಸಮಾಧಾನ ಸುಲಭ. ಬಂದಿಯ ಮತವು ಸೆರೆಮನೆಯಿರುವ ಊರಿಗೆ ಸೇರತಕ್ಕದ್ದಲ್ಲ, ಅವನ ಮನೆಯಿರುವ ಊರಿಗೆ ಸೇರತಕ್ಕದ್ದು. ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿರುವ ಮಾಲೂರಿನವನ ಮತವು ಮಾಲೂರಿಗೆ ಹೋಗಬೇಕು, ಮುಳಬಾಗಿಲಿನವನದು ಮುಳಬಾಗಿಲಿಗೆ. ಹಾಗಾದಾಗ ಅದು ಇತರ ಅಂಚೆಯ ಮತಗಳೊಳಗೆ ಬೆರೆತುಹೋಗುವುದು. ಒತ್ತಾಯದ ಭಯವು ಮಾತ್ರ ನಿಜವಾದುದೆಂದು ನಾವು ಒಪ್ಪುವೆವು. ಅದಕ್ಕೆ ಪರಿಹಾರವು, ಸೆರೆಮನೆಯ ನೌಕರರನ್ನು ಬಿಟ್ಟು ಹೊರಗಿನ ಅಧಿಕಾರಿಗಳೇ ಮತವನ್ನು ಪಡೆಯುವುದು. ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆಯುವುದು. ಹಳ್ಳಿಯಲ್ಲಿ ಗೌಡನು ಹೆದರಿಸುತ್ತಾನೆಂದು ಹಳ್ಳಿಗರ ಮತವನ್ನು ನಾವು ಕಿತ್ತುಕೊಳ್ಳಲಿಲ್ಲ. ಮತಗಟ್ಟೆಗೆ ಕಾವಲು ಹಾಕಿದೆವು.

ಇಷ್ಟು ಕೆಲವು ಮತಗಳಿಂದ ಆಗುವುದೇನು ಎಂದು ಕೆಲವರು ಕೇಳಿಯಾರು. ೨೦೨೩ರಲ್ಲಿ ಮಾಲೂರು ಕ್ಷೇತ್ರದ ಫಲಿತಾಂಶವನ್ನು ಘೋಷಿಸಿದಾಗ ಗೆದ್ದವರಿಗೂ ಸೋತವರಿಗೂ ಇದ್ದ ಅಂತರವು ೨೪೮ ಮತಗಳು. ಆ ವಿವಾದವು ನ್ಯಾಯಾಲಯದವರೆಗೂ ಹೋಯಿತು. ಮತವೊಂದರ ಬೆಲೆಯನ್ನು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾದುದಿಲ್ಲ. ಆದರೆ ನಮ್ಮ ವಾದವು ಎಣಿಕೆಯ ಮೇಲೆ ನಿಂತಿಲ್ಲ. ಮತವೆಂಬ ಶಬ್ದವು ಮನನಾರ್ಥದ ಧಾತುವಿನಿಂದ ಬಂದುದು. ಯೋಚಿಸಿ ತಾಳಿದ ಅಭಿಪ್ರಾಯವೆಂದು ಅದರ ಅರ್ಥ. ಒಬ್ಬನನ್ನು ಮತವಿಲ್ಲದವನನ್ನಾಗಿ ಮಾಡುವುದೆಂದರೆ, ನಿನ್ನ ಅಭಿಪ್ರಾಯವು ನಮಗೆ ಬೇಕಿಲ್ಲವೆಂದು ಊರೆಲ್ಲ ಸೇರಿ ಹೇಳಿದಂತೆ. ಅದನ್ನು ಹೇಳುವುದಕ್ಕೆ ಮುಂಚೆ ನ್ಯಾಯಾಧೀಶರ ತೀರ್ಪಾದರೂ ನಮ್ಮ ಕೈಯಲ್ಲಿರಬೇಕಷ್ಟೆ.

ಹಾಗಾದರೆ ಶಿಕ್ಷೆಯಾದವರ ವಿಷಯವೇನು? ಇಲ್ಲಿ ನಮ್ಮ ಮನಸ್ಸು ಒಂದೇ ಕಡೆಗೆ ಓಡುವುದಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಮಾಲೂರಿನಲ್ಲಿ ನಮ್ಮ ಹಳೆಯ ಮಿತ್ರರೊಬ್ಬರಿರುವರು. ಕೆಲವು ವರ್ಷಗಳ ಹಿಂದೆ ಅವರ ಮನೆಗೆ ರಾತ್ರಿ ಕಳ್ಳರು ನುಗ್ಗಿ, ಅವರ ಪತ್ನಿಯ ತಲೆಗೆ ಹೊಡೆದು ಸರವನ್ನು ಕಿತ್ತುಕೊಂಡು ಹೋದರು. ಆಕೆ ಬದುಕಿದರು, ಆದರೆ ಇಂದಿಗೂ ದೀಪವಿಲ್ಲದೆ ಮಲಗಲಾರರು. ಈ ವಿಚಾರವನ್ನು ನಾವು ಅವರ ಜಗಲಿಯಲ್ಲಿ ಕುಳಿತು ಎತ್ತಿದಾಗ ಮಿತ್ರರು, “ಹೊಡೆದವನ ಮತವೂ ಹೊಡೆಸಿಕೊಂಡವಳ ಮತವೂ ಒಂದೇ ತೂಕವೆ?” ಎಂದು ಕೇಳಿದರು. ನಮಗೆ ಒಡನೆಯೆ ಉತ್ತರ ಹೊಳೆಯಲಿಲ್ಲ. ಅವರ ಪತ್ನಿಯೇ ಒಳಗಿನಿಂದ, “ಅವನನ್ನು ಬಿಟ್ಟ ಮೇಲೆ ಅವನು ಬರುವುದು ಇದೇ ಊರಿಗೆ ತಾನೆ? ಬರುವಾಗ ಮನುಷ್ಯನಾಗಿ ಬರಲಿ” ಎಂದರು. ನಾವಿಬ್ಬರೂ ಸುಮ್ಮನಾದೆವು.

ಧರ್ಮಶಾಸ್ತ್ರಕಾರರು ದಂಡವನ್ನು ಕುರಿತು ಬಹಳ ವಿಚಾರ ಮಾಡಿರುವರು. ರಾಜದಂಡವನ್ನು ಅನುಭವಿಸಿದವನ ದೋಷವು ಆ ದಂಡದಿಂದಲೇ ಕಳೆಯುವುದೆಂಬ ಭಾವವು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೇ ಉಂಟು. ರಾಜನ ಜನ್ಮನಕ್ಷತ್ರದ ದಿನಗಳಲ್ಲಿಯೂ ಹುಣ್ಣಿಮೆಗಳಲ್ಲಿಯೂ ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರನ್ನು ಸೆರೆಯಿಂದ ಬಿಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಧಿಯಿದೆ. ಈ ಗ್ರಂಥಗಳೇ ಒಂದೇ ತಪ್ಪಿಗೆ ವರ್ಣಕ್ಕೊಂದು ದಂಡವನ್ನು ಹೇಳಿರುವುದರಿಂದ ಅವುಗಳನ್ನು ಇಂದಿನ ನ್ಯಾಯಕ್ಕೆ ಪ್ರಮಾಣವೆಂದು ನಾವು ಮುಂದಿಡುವುದಿಲ್ಲ. ಆದರೆ ದಂಡವು ಮನುಷ್ಯನನ್ನು ಸಮಾಜದೊಳಗೆ ಹಿಂದಕ್ಕೆ ತರುವ ದಾರಿಯೆಂಬ ಅಂಶವನ್ನು ಮಾತ್ರ ಅವುಗಳಿಂದ ಇಟ್ಟುಕೊಳ್ಳಬಹುದು. ಮುಳಬಾಗಿಲು ತಾಲ್ಲೂಕಿನ ಆವಣಿಯ ಬೆಟ್ಟವನ್ನು ಹತ್ತಿದವರಿಗೆಲ್ಲ ಅಲ್ಲಿಯ ಐತಿಹ್ಯ ತಿಳಿದಿದೆ. ಅದು ವಾಲ್ಮೀಕಿಯ ಆಶ್ರಮವೆಂದೂ ಸೀತೆಯು ಲವಕುಶರನ್ನು ಹೆತ್ತ ಸ್ಥಳವೆಂದೂ ನಂಬುವರು. ದಾರಿಗಳ್ಳನಾಗಿದ್ದವನು ಋಷಿಯಾದನೆಂಬ ಕಥೆಯನ್ನೂ, ಲೋಕದ ಅಪವಾದವೊಂದರಿಂದಲೇ, ಯಾವ ವಿಚಾರಣೆಯೂ ಇಲ್ಲದೆ, ರಾಣಿಯೊಬ್ಬಳು ಕಾಡುಪಾಲಾದ ಕಥೆಯನ್ನೂ ನಮ್ಮ ಜನ ಒಂದೇ ಬೆಟ್ಟದ ಮೇಲೆ ನೆನೆಯುತ್ತಿರುವರು.

ಪುರಾಣದ ಮಾತು ಸಾಲದೆಂಬುವರಿಗೆ ಚರಿತ್ರೆಯ ಮಾತನ್ನೂ ಹೇಳಬಹುದು. ನಮ್ಮ ಜಿಲ್ಲೆಯ ಕ್ಯಾಸಂಬಳ್ಳಿಯವರಾದ ಕೆ. ಚೆಂಗಲರಾಯ ರೆಡ್ಡಿಯವರು ೧೯೪೭ರಲ್ಲಿ ಮೈಸೂರು ಚಲೋ ಚಳವಳಿಯ ಕಾಲದಲ್ಲಿ ಬಂಧನಕ್ಕೊಳಗಾದವರು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅವರೇ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದರು. ರಾಜಕೀಯ ಬಂದಿಗೂ ಕಳ್ಳನಿಗೂ ಭೇದವಿಲ್ಲವೆಂದು ನಾವು ಹೇಳುತ್ತಿಲ್ಲ. ಸೆರೆಯಲ್ಲಿದ್ದನೆಂಬುದೊಂದೇ ಒಬ್ಬನ ಯೋಗ್ಯತೆಗೆ ಅಳತೆಗೋಲಾಗಲಾರದೆಂದು ಮಾತ್ರ ಹೇಳುತ್ತಿರುವೆವು.

ಇತರ ದೇಶದವರು ಏನು ಮಾಡಿರುವರೆಂಬುದನ್ನೂ ನೋಡೋಣ. ನಮ್ಮ ನಿರ್ಬಂಧದ ಮೂಲವನ್ನು ಇಂಗ್ಲೆಂಡಿನ ೧೮೭೦ರ ಒಂದು ಶಾಸನದಲ್ಲಿ ಹುಡುಕುವವರುಂಟು. ಆ ಇಂಗ್ಲೆಂಡಿನಲ್ಲಿಯೇ ಈಗ ವಿಚಾರಣಾಧೀನರು ಮತ ಕೊಡಬಹುದು. ಶಿಕ್ಷೆಯಾದವರು ಮಾತ್ರ ಕೊಡಲಾರರು. ಸ್ಕಾಟ್ಲೆಂಡಿನವರು ೨೦೨೦ರಲ್ಲಿ, ಒಂದು ವರ್ಷಕ್ಕೆ ಮೀರದ ಶಿಕ್ಷೆಯವರಿಗೆ ತಮ್ಮ ಪಾರ್ಲಿಮೆಂಟಿನ ಚುನಾವಣೆಗಳಲ್ಲಿ ಮತವನ್ನು ಕೊಟ್ಟರು. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು ೧೯೯೯ರಲ್ಲಿಯೂ ಕೆನಡದ ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿಯೂ ಬಂದಿಗಳ ಪರವಾಗಿ ತೀರ್ಪಿತ್ತವು. ಅಮೆರಿಕದ ಹಲವು ಸಂಸ್ಥಾನಗಳು ಶಿಕ್ಷೆಯಾದವರ ವಿಷಯದಲ್ಲಿ ನಮಗಿಂತ ಕಠಿಣ. ಕೆಲವೆಡೆ ಬಿಡುಗಡೆಯಾದ ಮೇಲೆಯೂ ಮತ ಹಿಂದಿರುಗಿ ಬರಲು ತಡವಾಗುವುದು. ಆದರೆ ಅಲ್ಲಿಯೇ ಮೇನ್, ವರ್ಮಾಂಟ್ ಎಂಬ ಎರಡು ಸಂಸ್ಥಾನಗಳಲ್ಲಿ ಸೆರೆಯಲ್ಲಿದ್ದವರೂ ಮತ ಕೊಡುವರು. ನಮಗೆ ಹೆಚ್ಚು ಒಪ್ಪಿಗೆಯಾಗುವುದು ಜರ್ಮನಿಯವರ ಕ್ರಮ. ಅಲ್ಲಿ ಸೆರೆಯೆಂಬುದೇ ಮತವನ್ನು ಕಳೆಯುವುದಿಲ್ಲ. ಚುನಾವಣೆಯ ಮೋಸವೇ ಮೊದಲಾದ, ಕಾಯಿದೆಯಲ್ಲಿ ಹೆಸರಿಸಿರುವ ಕೆಲವು ಅಪರಾಧಗಳಿಗೆ ಮಾತ್ರ ನ್ಯಾಯಾಧೀಶರು ತೀರ್ಪಿನಲ್ಲಿಯೇ, ಇಷ್ಟು ವರ್ಷ ಇವನಿಗೆ ಮತವಿಲ್ಲವೆಂದು ಬರೆಯಬಹುದು.

ಹೀಗೆ ಎರಡು ಪಕ್ಷಗಳನ್ನೂ ತೂಗಿ ನಾವು ಮುಟ್ಟಿದ ಸಿದ್ಧಾಂತವು ಇದು. ವಿಚಾರಣಾಧೀನರಿಗೆ, ಸ್ಥಾನಬದ್ಧರಿಗಿರುವಂತೆಯೇ, ಅಂಚೆಯ ಮತವನ್ನು ತಡವಿಲ್ಲದೆ ಕೊಡತಕ್ಕದ್ದು; ಇದರಲ್ಲಿ ನಮಗೆ ಸಂಶಯವಿಲ್ಲ. ಶಿಕ್ಷೆಯಾದವರ ಮತವನ್ನು ಕಳೆಯಬೇಕಾದರೆ ಅದನ್ನು ಗೋಡೆಯು ಕಳೆಯಬಾರದು, ತೀರ್ಪು ಕಳೆಯಬೇಕು. ಮತವನ್ನು ಕೊಂಡವನು, ಮತಗಟ್ಟೆಯನ್ನು ಸುಲಿದವನು, ಕ್ರೂರವಾದ ಕೊಲೆ ಮಾಡಿದವನು, ಇಂತಹವರ ಮತವನ್ನು ಕಾರಣ ಹೇಳಿ, ಕಾಲಮಿತಿಯಿಟ್ಟು ನ್ಯಾಯಾಧೀಶರು ತಡೆಯಲಿ. ಅಂಥವನು ಜಾಮೀನಿನ ಮೇಲೆ ಹೊರಗೆ ತಿರುಗುತ್ತಿದ್ದರೂ ಆ ತಡೆಯು ಅವನನ್ನು ಹಿಂಬಾಲಿಸಲಿ. ಆಗ ನಮ್ಮ ಮಿತ್ರರ ಪ್ರಶ್ನೆಗೂ ಉತ್ತರ ದೊರೆಯುವುದು, ಆ ಮುದುಕಿಯ ಪ್ರಶ್ನೆಗೂ ದೊರೆಯುವುದು.

ಕಾಯಿದೆ ತಿದ್ದುವುದು ದೆಹಲಿಯ ಕೆಲಸ. ಅಲ್ಲಿಯವರೆಗೆ ನಾವು ಕುಳಿತು ನೋಡಬೇಕೆ ಎಂದು ವಾಚಕರು ಕೇಳಬಹುದು. ಕೈಯಲ್ಲಾಗುವುದು ಕೆಲವು ಉಂಟು. ಸೆರೆಗೆ ಹೋದವನ ಹೆಸರು ಮತದಾರರ ಪಟ್ಟಿಯಿಂದ ಹೋಗತಕ್ಕದ್ದಲ್ಲ. ಮನೆಯವರು ಅದನ್ನು ಆಗಾಗ ನೋಡಿಕೊಳ್ಳಬೇಕು. ಬಿಡುಗಡೆಯಾದ ದಿನದಿಂದ ಅವನು ಎಲ್ಲರಂತೆ ಮತದಾರನು. ಇದು ತಿಳಿಯದೆ ನಾಚಿಕೆಯಿಂದ ಮತಗಟ್ಟೆಯ ಕಡೆಗೆ ಸುಳಿಯದವರನ್ನು ನಾವು ನೋಡಿರುವೆವು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಸೆರೆಯಲ್ಲಿರುವ ಯಾರಿಗೇ ಆಗಲಿ, ಅವರ ಆದಾಯವನ್ನು ಕೇಳದೆ, ಧರ್ಮಾರ್ಥವಾಗಿ ವಕೀಲರ ಸಹಾಯ ದೊರೆಯತಕ್ಕದ್ದು. ಜಿಲ್ಲಾ ಕೇಂದ್ರದ ನ್ಯಾಯಾಲಯದಲ್ಲಿ ವಿಚಾರಿಸಬಹುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ೪೭೯ನೆಯ ಪ್ರಕರಣದಂತೆ, ಹಿಂದೆ ಶಿಕ್ಷೆಯಾಗದವನು ಆರೋಪಿತ ಅಪರಾಧದ ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಭಾಗವನ್ನು ವಿಚಾರಣೆಗೆ ಮುಂಚೆಯೇ ಸೆರೆಯಲ್ಲಿ ಕಳೆದಿದ್ದರೆ, ಮರಣದಂಡನೆ ಅಥವಾ ಜೀವಾವಧಿಯ ಆರೋಪಗಳನ್ನು ಬಿಟ್ಟು, ಅವನನ್ನು ಬಿಡುವುದಕ್ಕೆ ಅವಕಾಶವಿದೆ. ಮೇಲೆ ಬೇರೆ ಮೊಕದ್ದಮೆಗಳಿದ್ದರೆ ಮಾತ್ರ ಅಡ್ಡಿಯಾಗಬಹುದು. ಊರಿನಲ್ಲಿ ಒಬ್ಬ ಬಡವನು ಸಣ್ಣ ಆರೋಪದ ಮೇಲೆ ಒಳಗಿದ್ದು, ಅವನ ನಡತೆಯನ್ನು ತಾವು ಬಲ್ಲವರಾಗಿದ್ದರೆ, ಭೂಮಿಯುಳ್ಳ ಗೃಹಸ್ಥರು ಅವನಿಗೆ ಹೊಣೆ ನಿಲ್ಲುವ ಮಾತನ್ನು ಮನೆಯಲ್ಲಿ ಒಮ್ಮೆ ಯೋಚಿಸಬಹುದು. ಮತ ಕೇಳಲು ಬರುವ ಅಭ್ಯರ್ಥಿಗಳನ್ನು ಈ ಉಪಪ್ರಕರಣದ ವಿಷಯವಾಗಿ ಅವರ ಅಭಿಪ್ರಾಯವೇನೆಂದು ಜಗಲಿಯ ಮೇಲೆಯೇ ಕೇಳಬಹುದು.

ನಾವು ಬೆರಳುಗಳಿಗೆ ಹಚ್ಚಿಸಿದ ಮಸಿಯು ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವುದು. ೧೯೬೨ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ. ಆ ದಿನ ಸಂಜೆ ಮತಗಟ್ಟೆಯನ್ನು ಮುಚ್ಚಿ ಪಟ್ಟಿಯನ್ನು ತಾಳೆ ನೋಡುವಾಗ, ಕಾವಲುಗಾರನ ಹೆಸರಿನ ಮುಂದೆ ಗುರುತಿರಲಿಲ್ಲ. ಬಾರದೆ ಇದ್ದವರ ಲೆಕ್ಕಕ್ಕೆ ಅವನನ್ನೂ ಸೇರಿಸಿ ಮೊತ್ತ ಹಾಕಿದೆವು. ಪಟ್ಟಿಯಲ್ಲಿ ಬೇರೆ ಕಾಲಮು ಇರಲಿಲ್ಲ. ಅವನು ಬಾರದೆ ಇದ್ದವನಲ್ಲ, ಬರಲು ಬಿಡದೆ ಇದ್ದವನೆಂದು ಬರೆಯಬೇಕಾಗಿತ್ತೆಂದು ನಮಗೆ ಈಗ ತೋರುತ್ತದೆ.